ದಿವಾಳಿಯ ಗಣಿತ

ದ್ರವಗಳ ಚಲನೆಯನ್ನು ಕುರಿತ ತನ್ನ ಮಹಾಗ್ರಂಥವು ಅಚ್ಚಾಗಿ ಹೊರಬಂದ 1738ರಲ್ಲಿಯೇ, ಡೇನಿಯಲ್ ಬರ್ನೂಲಿ ಎಂಬ ಸ್ವಿಸ್ ಪಂಡಿತನು ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಪರಿಷತ್ತಿನ ಸಂಪುಟದಲ್ಲಿ ಲ್ಯಾಟಿನ್ ಭಾಷೆಯ ಒಂದು ಕಿರುಪ್ರಬಂಧವನ್ನೂ ಪ್ರಕಟಿಸಿದನು. ಮಹಾಗ್ರಂಥದ ದೆಸೆಯಿಂದ ಅವನ ಹೆಸರು ಇಂದಿಗೂ ನಮ್ಮ ಕಾಲೇಜುಗಳ ಭೌತವಿಜ್ಞಾನದ ತರಗತಿಗಳಲ್ಲಿ ಕೇಳಿಬರುತ್ತಿದೆ. ಆದರೆ ಹಣ, ಭಯ, ವಿವೇಕ ಎಂಬ ಮೂರರ ನಡುವಣ ಸಂಬಂಧವನ್ನು ಕೆಲವೇ ಪುಟಗಳಲ್ಲಿ ನಿಚ್ಚಳವಾಗಿ ಬಿಡಿಸಿಟ್ಟ ಆ ಕಿರುಪ್ರಬಂಧವನ್ನು ಓದಿದವರು ವಿರಳ. ನನ್ನ ಮಟ್ಟಿಗೆ ಹೇಳುವುದಾದರೆ, ಎರಡರಲ್ಲಿ ಹೆಚ್ಚು ಆಶ್ಚರ್ಯಕರವಾದುದು ಕಿರುಪ್ರಬಂಧವೇ. ನೀರು ನಿಯಮಕ್ಕೆ ಒಳಪಟ್ಟು ಹರಿಯುತ್ತದೆಂಬುದನ್ನು ಒಪ್ಪುವುದು ಸುಲಭ. ವರ್ತಕನ ಅಳುಕೂ ಒಂದು ನಿಯಮಕ್ಕೆ ಒಳಪಟ್ಟಿರಬಹುದೆಂದು ಊಹಿಸುವುದಕ್ಕೆ ಬೇರೆಯೇ ಒಂದು ಧೈರ್ಯ ಬೇಕು.

ಬರ್ನೂಲಿಯ ವರ್ತಕನ ಹೆಸರು ಕೈಯಸ್. ಪೀಟರ್ಸ್‌ಬರ್ಗಿನವನಾದ ಅವನು ಆಮ್‌ಸ್ಟರ್‌ಡಾಮಿನಲ್ಲಿ ಸರಕು ಕೊಂಡಿದ್ದಾನೆ. ಅದು ಸುರಕ್ಷಿತವಾಗಿ ಊರು ಸೇರಿದರೆ 10,000 ರೂಬಲ್ ಬೆಲೆಬಾಳುವುದು. ಆದರೆ ವರ್ಷದ ಆ ಋತುವಿನಲ್ಲಿ ಆ ಮಾರ್ಗವಾಗಿ ಹೊರಟ ನೂರು ಹಡಗುಗಳಲ್ಲಿ ಐದು ಸಮುದ್ರದ ಪಾಲಾಗುವುವೆಂಬುದು ಅನುಭವದಿಂದ ತಿಳಿದ ಸಂಗತಿ. ಹಡಗು ಮುಳುಗಿದರೆ ನಷ್ಟ ತುಂಬಿಕೊಡಲು ವಿಮೆದಾರನೊಬ್ಬನು ಸಿದ್ಧನಿದ್ದಾನೆ. ಅದಕ್ಕೆ ಅವನು ಕೇಳುವ ಕಂತು 800 ರೂಬಲ್, ಅದಕ್ಕಿಂತ ಒಂದು ಕಾಸು ಇಳಿಯಲೊಲ್ಲನು. ನೂರಕ್ಕೆ ಐದರ ಲೆಕ್ಕದಲ್ಲಿ ಸರಾಸರಿ ನಷ್ಟವು 500 ರೂಬಲ್ ಮಾತ್ರವಾಗಿರುವಾಗ, 300 ರೂಬಲ್ ಹೆಚ್ಚಾಗಿ ತೆತ್ತು ವಿಮೆ ಮಾಡಿಸುವ ಕೈಯಸ್ ಮೂಢನೋ, ವಿವೇಕಿಯೋ? ಸರಾಸರಿಯೊಂದನ್ನೇ ಪ್ರಮಾಣವೆಂದು ನಂಬಿದವರು ಅವನನ್ನು ಮೂಢನೆಂದೇ ಕರೆಯಬೇಕಾದೀತು. ಮತ್ತು ಅವರ ತರ್ಕವನ್ನು ಕೊನೆಯವರೆಗೆ ಎಳೆದುಕೊಂಡು ಹೋದರೆ ಲೋಕದಲ್ಲಿ ವಿಮೆಯ ವ್ಯವಹಾರವೇ ಇರಕೂಡದು, ಏಕೆಂದರೆ ಸರಾಸರಿಗಿಂತ ಹೆಚ್ಚು ಕೇಳದ ವಿಮೆದಾರನು ಬದುಕಲಾರನು, ಸರಾಸರಿಗಿಂತ ಹೆಚ್ಚು ಕೊಡುವ ಗಿರಾಕಿಯು ಬುದ್ಧಿವಂತನೆನಿಸಲಾರನು.

ಬರ್ನೂಲಿಯು ಈ ತೊಡಕಿನ ಗಂಟನ್ನು ಬಿಚ್ಚಿದುದು ಒಂದೇ ಒಂದು ಮರುಪ್ರಶ್ನೆಯಿಂದ: ಈ ಸರಕನ್ನು ಬಿಟ್ಟರೆ ಕೈಯಸನ ಬಳಿ ಇನ್ನೆಷ್ಟು ಹಣವಿದೆ? ಬಡವನಿಗೆ ಸಿಕ್ಕ ಒಂದು ರೂಬಲ್ಲೂ ಧನಿಕನಿಗೆ ಸಿಕ್ಕ ಒಂದು ರೂಬಲ್ಲೂ ನಾಣ್ಯವಾಗಿ ಒಂದೇ ಆದರೂ ಹಿತವಾಗಿ ಒಂದಲ್ಲವೆಂಬುದನ್ನು ಎಲ್ಲರೂ ಬಲ್ಲರಷ್ಟೆ. ಆ ಸಾಮಾನ್ಯ ಜ್ಞಾನಕ್ಕೆ ಅವನು ಪ್ರಮಾಣವನ್ನು ಕೊಟ್ಟನು. ಸಂಪತ್ತಿಗೆ ಅಲ್ಪಸ್ವಲ್ಪ ಸೇರಿದಾಗ ಉಂಟಾಗುವ ಹಿತವು ಮೊದಲೇ ಇದ್ದ ಸಂಪತ್ತಿಗೆ ವಿಲೋಮಾನುಪಾತದಲ್ಲಿರುವುದೆಂದು ಗ್ರಹಿಸಿ, ಹಿತವನ್ನು ಸಂಪತ್ತಿನ ಲಾಗರಿದಮ್ಮಿನಿಂದ ಅಳೆದು, ಸರಾಸರಿಯನ್ನು ನಾಣ್ಯಗಳಿಗೆ ಬದಲಾಗಿ ಹಿತಗಳಿಗೆ ಕಟ್ಟಿದನು. ಹಾಗೆ ಕಟ್ಟಿದಾಗ ಬರುವ ಉತ್ತರವಿದು: ಸರಕಿನ ಹೊರತು 5,043 ರೂಬಲ್ಲಿಗಿಂತ ಕಡಮೆ ಆಸ್ತಿಯುಳ್ಳ ಕೈಯಸನು ವಿಮೆ ಮಾಡಿಸಬೇಕು, ಹೆಚ್ಚಿದ್ದರೆ ಮಾಡಿಸಬೇಕಾಗಿಲ್ಲ. ಇತ್ತ ವಿಮೆದಾರನ ಬಳಿ 14,243 ರೂಬಲ್ಲಿಗಿಂತ ಹೆಚ್ಚಿಗೆ ಇದ್ದರೆ ಮಾತ್ರ ಅವನು 800ರ ಆಸೆಗೆ ಈ ಹೊರೆಯನ್ನು ಹೊರುವುದು ವಿಹಿತ. ಬರ್ನೂಲಿಯ ಸೂತ್ರವನ್ನೇ ಹಿಡಿದು ಇನ್ನೆರಡು ಲೆಕ್ಕಗಳನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಕೈಯಸನಲ್ಲಿ 3,000 ರೂಬಲ್ ಮಾತ್ರ ಇದ್ದುದಾದರೆ ಅವನು 919 ರೂಬಲ್ಲಿನವರೆಗೆ ಕಂತು ಕೊಡಬಹುದು. ಲಕ್ಷ ರೂಬಲ್ ಇದ್ದುದಾದರೆ 523ಕ್ಕಿಂತ ಹೆಚ್ಚು ಕೊಡಕೂಡದು. ಹಡಗು ಅದೇ, ಸಮುದ್ರ ಅದೇ, ಮುಳುಗುವ ಸಂಭವವೂ ಅದೇ.

ಮೊದಲು ಬಂದ 5,043, 14,243 ಎಂಬ ಆ ಎರಡು ಸಂಖ್ಯೆಗಳ ನಡುವೆ ಒಂದು ರಹಸ್ಯವಡಗಿದೆ. 14,243ರಿಂದ 5,043ನ್ನು ಕಳೆದರೆ ಉಳಿಯುವುದು ಸರಿಯಾಗಿ 9,200, ಅಂದರೆ ಸರಕಿನ ಬೆಲೆಯಿಂದ ಕಂತನ್ನು ಕಳೆದ ಮೊತ್ತ. 5,043 ರೂಬಲ್ಲಿನ ಕೈಯಸನು ವಿಮೆ ಮಾಡಿಸಿದರೆ ಅವನ ಕೈಯಲ್ಲಿ ನಿಶ್ಚಯವಾಗಿ ಉಳಿಯುವುದು 14,243. ಮಾಡಿಸದಿದ್ದರೆ ಒಂದೋ 15,043, ಇಲ್ಲವೋ 5,043. 14,243 ರೂಬಲ್ ಉಳ್ಳ ವಿಮೆದಾರನು ಕರಾರಿಗೆ ಸಹಿ ಹಾಕಿದೊಡನೆ ಅವನ ಮುಂದೆ ನಿಲ್ಲುವ ಕವಲುದಾರಿಯೂ ಅದೇ, 15,043 ಅಥವಾ 5,043. ವಿಮೆಯ ಕರಾರಿನಿಂದ ಗಂಡಾಂತರವು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿತೇ ಹೊರತು ಕೂದಲೆಳೆಯಷ್ಟೂ ಕರಗಲಿಲ್ಲ. ಆದರೂ ಕೈಯಸನಲ್ಲಿ ಆ ಗಡಿಗಿಂತ ಕಡಮೆಯೂ ವಿಮೆದಾರನಲ್ಲಿ ತನ್ನ ಗಡಿಗಿಂತ ಹೆಚ್ಚೂ ಇದ್ದಲ್ಲಿ, ಒಬ್ಬನಿಗೆ ಅಸಹ್ಯವಾದ ಭಾರವು ಇನ್ನೊಬ್ಬನಿಗೆ ಸಹ್ಯವಾಗುವುದರಿಂದ ಇಬ್ಬರಿಗೂ ಲಾಭವಾಗುತ್ತದೆ. ವಿಮೆಯು ಜೂಜಿನ ತಂಗಿಯೆಂದು ಹೀನಾಯವಾಗಿ ಮಾತನಾಡುವವರು ಈ ಅಂಶವನ್ನು ಗಮನಿಸತಕ್ಕದ್ದು: ಬರ್ನೂಲಿಯ ಅಳತೆಗೋಲಿನಲ್ಲಿ ನ್ಯಾಯವಾದ ಜೂಜಿನಲ್ಲಿಯೂ ಇಬ್ಬರೂ ಸೋಲುತ್ತಾರೆ, ತುಟ್ಟಿಯಾದ ವಿಮೆಯಲ್ಲಿಯೂ ಇಬ್ಬರೂ ಗೆಲ್ಲಬಹುದು.

ಪ್ರಬಂಧದಲ್ಲಿ ಇದರ ಬೆನ್ನಿಗೇ ಸೆಂಪ್ರೋನಿಯಸ್ ಎಂಬ ಇನ್ನೊಬ್ಬನು ಬರುತ್ತಾನೆ. ಮನೆಯಲ್ಲಿ 4,000 ಡ್ಯುಕಾಟ್ ಹಣವೂ ಪರದೇಶದಲ್ಲಿ 8,000 ಡ್ಯುಕಾಟ್ ಬೆಲೆಯ ಸರಕೂ ಅವನದಾಗಿವೆ; ಹತ್ತು ಹಡಗುಗಳಲ್ಲಿ ಒಂದು ಮುಳುಗುತ್ತದೆ. ಸರಕೆಲ್ಲವನ್ನೂ ಒಂದೇ ಹಡಗಿಗೆ ತುಂಬಿದರೆ ಅದರ ಬೆಲೆ ಅವನ ಪಾಲಿಗೆ 6,751 ಡ್ಯುಕಾಟ್. ಎರಡು ಹಡಗುಗಳಿಗೆ ಸಮನಾಗಿ ಹಂಚಿದರೆ 7,033. ಹಂಚುವಿಕೆಯನ್ನು ಎಷ್ಟು ಸೂಕ್ಷ್ಮವಾಗಿ ಮುಂದುವರಿಸಿದರೂ ಅದು 7,200ನ್ನು ಮೀರದು. ಇಲ್ಲಿ ಮಾತ್ರ ಗಂಡಾಂತರವು ಕೇವಲ ಹೆಗಲು ಬದಲಾಯಿಸದೆ ನಿಜವಾಗಿಯೂ ತಗ್ಗಿದೆ, ಮತ್ತು ಅದಕ್ಕೆ ಕಾರಣ ಒಂದೇ: ಎರಡು ಹಡಗುಗಳೂ ಒಂದೇ ಬಿರುಗಾಳಿಗೆ ಸಿಲುಕುವುದಿಲ್ಲವೆಂಬ ಭರವಸೆ. ಬರ್ನೂಲಿಯು ಆ ಭರವಸೆಯನ್ನು ಮಾತೇ ಇಲ್ಲದೆ ಅಂಗೀಕರಿಸಿಬಿಟ್ಟಿದ್ದಾನೆ. ಓದುಗರು ಅದನ್ನು ನೆನಪಿನಲ್ಲಿಡಬೇಕೆಂದು ನನ್ನ ಬಿನ್ನಹ. ಅದರ ಋಣವನ್ನು ಮುಂದೆ ಮಳೆಯ ಪ್ರಸ್ತಾಪ ಬಂದಾಗ ತೀರಿಸಬೇಕಾಗುತ್ತದೆ.

ವಿಮಾ ಸಂಸ್ಥೆಯೆಂಬುದು ಸೆಂಪ್ರೋನಿಯಸನ ಹಂಚಿಕೆಯನ್ನು ಸಾವಿರಾರು ಅಪರಿಚಿತರ ಮಧ್ಯೆ ನಡೆಸುವ ಏರ್ಪಾಡು. ವರ್ಷಕ್ಕೆ ನೂರರಲ್ಲಿ ಒಂದು ಮನೆ ಬೆಂಕಿಗೆ ಆಹುತಿಯಾಗುವುದೆಂದೂ, ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ತಗಲುವುದಿಲ್ಲವೆಂದೂ ಇಟ್ಟುಕೊಳ್ಳೋಣ. 100 ಮನೆಗಳಿದ್ದರೆ ನಿರೀಕ್ಷಿತ ಬೆಂಕಿ ಒಂದು, ವಾಡಿಕೆಯ ಏರುಪೇರೂ ಒಂದು. ಅಂದರೆ ಏನೂ ಹೇಳಬರುವಂತಿಲ್ಲ. 10,000 ಮನೆಗಳಿದ್ದರೆ ನಿರೀಕ್ಷೆ 100, ಏರುಪೇರು ಸುಮಾರು 10. ಹತ್ತು ಲಕ್ಷವಾದರೆ ನಿರೀಕ್ಷೆ 10,000, ಏರುಪೇರು ಸುಮಾರು 100, ನೂರಕ್ಕೆ ಒಂದರಷ್ಟು ಮಾತ್ರ. ಡೇನಿಯಲ್ಲನ ದೊಡ್ಡಪ್ಪನಾದ ಯಾಕೋಬ್ ಬರ್ನೂಲಿಯ ಮರಣಾನಂತರ 1713ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸಾಧಿತವಾದ ಬೃಹತ್ ಸಂಖ್ಯೆಗಳ ನಿಯಮ ಇದೇ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಪ್ರಮಾಣದಲ್ಲಿ ತಗ್ಗಿದ ಏರುಪೇರು ಮೊತ್ತದಲ್ಲಿ ಬೆಳೆಯುತ್ತಲೇ ಬಂದಿತಲ್ಲವೆ? ಒಂದಿದ್ದುದು ಹತ್ತಾಯಿತು, ಹತ್ತಿದ್ದುದು ನೂರಾಯಿತು. ಗಿರಾಕಿಗಳನ್ನು ಸೇರಿಸಿದಷ್ಟೂ ಸಂಸ್ಥೆಗೆ ತಾನಾಗಿ ಭದ್ರತೆ ಬರುವುದೆಂಬ ನಂಬಿಕೆ ಭ್ರಾಂತಿಯೆಂದು ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಎಲ್ಸನ್ ಅವರು 1963ರಲ್ಲಿ ತೋರಿಸಿದರು. ಪಾಲುಗಾರರು ಹೆಚ್ಚಿದಂತೆ ಪಾಲು ಕಿರಿದಾಗುತ್ತದೆಂಬುದು ನಿಜ. ಬುಟ್ಟಿಯ ಭಾರ ಹೆಚ್ಚುತ್ತದೆಂಬುದೂ ಅಷ್ಟೇ ನಿಜ.

ಆದುದರಿಂದ ವಿಮಾ ಸಂಸ್ಥೆಯೇ ಮುಳುಗುವ ಸಂಭವವೆಷ್ಟೆಂದು ಕೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ಗಣಿತದ ರೂಪದಲ್ಲಿ ಹಿಡಿದವರು ಫಿಲಿಪ್ ಲುಂಡ್‌ಬರ್ಗ್ ಎಂಬ ಸ್ವೀಡನ್ ದೇಶದ ವಿಮಾಗಣಿತಜ್ಞರು. 1903ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಅವರು ಸಲ್ಲಿಸಿದ ಪ್ರಬಂಧವು ಎಷ್ಟು ಕ್ಲಿಷ್ಟವಾಗಿ ಬರೆಯಲ್ಪಟ್ಟಿತ್ತೆಂದರೆ, ಕಾಲಾಂತರದಲ್ಲಿ ಹೆರಾಲ್ಡ್ ಕ್ರಾಮರ್ ಎಂಬ ಇನ್ನೊಬ್ಬ ಸ್ವೀಡಿಷ್ ಗಣಿತಜ್ಞರು ಅದನ್ನು ಶುದ್ಧೀಕರಿಸಿ ವಿವರಿಸುವ ತನಕ ವಿದ್ವಲ್ಲೋಕವು ಅದನ್ನು ಗಮನಿಸಲಿಲ್ಲವೆಂದೇ ಹೇಳಬೇಕು. ಕ್ರಾಮರ್ ಅವರು ಸ್ವತಃ ವಿಮಾ ಕಂಪನಿಯಲ್ಲಿ ದುಡಿದವರು; 1929ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಮಾಗಣಿತ ಮತ್ತು ಗಣಿತೀಯ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದವರು. ಶುದ್ಧ ಗಣಿತವು ಮೇಲಿನಿಂದ ಕೆಳಗಿಳಿದು ವ್ಯವಹಾರವನ್ನು ಉದ್ಧರಿಸುತ್ತದೆಂದು ನಾವು ಸಾಧಾರಣವಾಗಿ ಭಾವಿಸುತ್ತೇವೆ; ಇಲ್ಲಿ ಕಂಪನಿಯ ಲೆಕ್ಕದ ಕೋಣೆಯೇ ಸಂಭಾವ್ಯತಾ ಶಾಸ್ತ್ರಕ್ಕೆ ಒಂದು ಹೊಸ ಅಧ್ಯಾಯವನ್ನು ಕೊಟ್ಟಿತು.

ಲುಂಡ್‌ಬರ್ಗ್ ಅವರಿಗಿಂತ ಹಿಂದಿನವರು ಪ್ರತಿಯೊಂದು ಪಾಲಿಸಿಯನ್ನೂ ಬಿಡಿಬಿಡಿಯಾಗಿ ನೋಡಿ ಅವುಗಳ ಮೊತ್ತವನ್ನು ಕಟ್ಟುತ್ತಿದ್ದರು. ಇವರಾದರೋ ಪಾಲಿಸಿದಾರರ ಮುಖಗಳನ್ನೆಲ್ಲ ಮರೆತು, ಸಂಸ್ಥೆಯ ಬಾಗಿಲಿಗೆ ಬರುವ ಕ್ಲೇಮುಗಳ ಪ್ರವಾಹವೊಂದನ್ನೇ ನೋಡಿದರು. ಸಂಸ್ಥೆಯ ಬಳಿ ಆರಂಭದಲ್ಲಿ ಇಷ್ಟೆಂದು ಮೂಲಧನವಿದೆ. ಕಂತಿನ ಹಣವು ದಿನದಿನವೂ ಸಮವೇಗದಲ್ಲಿ ಸೇರುತ್ತಿರುವುದರಿಂದ ನಿಧಿಯ ರೇಖೆಯು ಓರೆಯಾಗಿ ಮೇಲೇರುತ್ತಿರುತ್ತದೆ. ಮುನ್ಸೂಚನೆಯಿಲ್ಲದ ಗಳಿಗೆಗಳಲ್ಲಿ, ಮುನ್ಸೂಚನೆಯಿಲ್ಲದ ಗಾತ್ರದ ಕ್ಲೇಮುಗಳು ಬಂದಾಗ ಅದು ಥಟ್ಟನೆ ಕೆಳಕ್ಕೆ ಬೀಳುತ್ತದೆ. ಏರುವುದು ನಿಧಾನ, ಇಳಿಯುವುದು ಹಠಾತ್ತು. ಪ್ರಶ್ನೆಯಿಷ್ಟೆ: ಈ ರೇಖೆಯು ಎಂದಾದರೊಂದು ದಿನ ಶೂನ್ಯಕ್ಕಿಂತ ಕೆಳಗಿಳಿಯುವ ಸಂಭವವೆಷ್ಟು? ಹತ್ತು ವರ್ಷಗಳ ನಂತರದ ಸರಾಸರಿ ಲಾಭವೆಷ್ಟೆಂಬುದಕ್ಕೂ ಇದಕ್ಕೂ ಬಹಳ ಅಂತರವಿದೆ. ಹತ್ತನೆಯ ವರ್ಷದಲ್ಲಿ ಅಪಾರ ಲಾಭ ಕಾದಿದ್ದರೂ ಮೂರನೆಯ ವರ್ಷದಲ್ಲಿಯೇ ಬಾಗಿಲು ಮುಚ್ಚಿದ ಸಂಸ್ಥೆಗೆ ಆ ಲಾಭ ದಕ್ಕುವಂತಿಲ್ಲ.

ಉತ್ತರದ ಮೊದಲ ಭಾಗವೇ ಓದುಗನನ್ನು ಬೆಚ್ಚಿಬೀಳಿಸುವಂತಹುದು. ಸಂಸ್ಥೆಯು ಧರ್ಮಬುದ್ಧಿಯಿಂದ, ಸರಾಸರಿ ನಷ್ಟ ಎಷ್ಟೋ ಅಷ್ಟೇ ಕಂತನ್ನು ವಸೂಲು ಮಾಡುವುದೆಂದು ನಿರ್ಧರಿಸಿದರೆ, ಅದರ ಮೂಲಧನವು ಎಷ್ಟೇ ದೊಡ್ಡದಾಗಿರಲಿ, ಒಂದಲ್ಲ ಒಂದು ದಿನ ಅದು ದಿವಾಳಿಯಾಗುವುದು ನಿಶ್ಚಿತ. ನ್ಯಾಯವಾದ ಕಂತು ಸಂಸ್ಥೆಗೆ ಮಾರಕ. ಸರಾಸರಿಯ ಮೇಲೆ ಒಂದಿಷ್ಟು ಹೆಚ್ಚುವರಿಯನ್ನು ಹೇರಿದಾಗ ಮಾತ್ರ ಚಿರಕಾಲ ಬದುಕುವ ಸಂಭವ ಹುಟ್ಟುತ್ತದೆ. ಸಣ್ಣ ಕ್ಲೇಮುಗಳು ಬಹಳವಾಗಿಯೂ ದೊಡ್ಡವು ಬಹು ಬೇಗ ವಿರಳವಾಗುತ್ತಲೂ ಇರುವ, ಗಣಿತಜ್ಞರು ಘಾತೀಯವೆಂದು ಕರೆಯುವ ಸರಳವಾದ ಹಂಚಿಕೆಯನ್ನು ತೆಗೆದುಕೊಳ್ಳೋಣ. ಕ್ಲೇಮಿನ ಸರಾಸರಿ ಒಂದು ಲಕ್ಷ ರೂಪಾಯಿ, ಹೆಚ್ಚುವರಿ ನೂರಕ್ಕೆ 20 ಎಂದಿರಲಿ. ಮೂಲಧನವೇ ಇಲ್ಲದೆ ಅಂಗಡಿ ತೆರೆದರೆ ದಿವಾಳಿಯ ಸಂಭವ ನೂರರಲ್ಲಿ 83. ಹತ್ತು ಲಕ್ಷವಿದ್ದರೆ ಅದು ಸುಮಾರು 16ಕ್ಕೆ ಇಳಿಯುತ್ತದೆ; ಇಪ್ಪತ್ತು ಲಕ್ಷವಿದ್ದರೆ 3ಕ್ಕೆ; ಮೂವತ್ತು ಲಕ್ಷವಿದ್ದರೆ ಸಾವಿರದಲ್ಲಿ ಆರಕ್ಕೆ; ನಲವತ್ತು ಲಕ್ಷವಿದ್ದರೆ ಸಾವಿರದಲ್ಲಿ ಒಂದಕ್ಕೆ. ಮೂಲಧನವನ್ನು ಕೂಡುತ್ತ ಹೋದಂತೆ ದಿವಾಳಿಯ ಸಂಭವವು ಭಾಗಿಸಲ್ಪಡುತ್ತ ಹೋಗುತ್ತದೆ. ಪ್ರತಿಯೊಂದು ಹತ್ತು ಲಕ್ಷವೂ ಅದನ್ನು ಐದನೆಯ ಒಂದಂಶಕ್ಕಿಂತ ಕೆಳಕ್ಕೆ ತಳ್ಳುತ್ತದೆ. ಲುಂಡ್‌ಬರ್ಗ್ ಅವರ ಹೆಸರಿನಿಂದ ಪ್ರಸಿದ್ಧವಾದ ಅಸಮತೆಯ ಸಾರವಿದು. ಹೆಚ್ಚುವರಿಯನ್ನು 20ರಿಂದ 10ಕ್ಕೆ ಇಳಿಸಿದರೆ ಅದೇ ನಲವತ್ತು ಲಕ್ಷದ ಸಂಸ್ಥೆಯ ದಿವಾಳಿಯ ಸಂಭವವು ಸಾವಿರದಲ್ಲಿ 24ಕ್ಕೆ ನೆಗೆಯುತ್ತದೆ. ಪೈಪೋಟಿಯ ಭರದಲ್ಲಿ ಕಂತನ್ನು ಇಳಿಸುವ ವ್ಯವಸ್ಥಾಪಕರು ಈ ಒಂದು ಸಂಖ್ಯೆಯನ್ನು ಮೇಜಿನ ಮೇಲೆ ಬರೆದಿಟ್ಟುಕೊಂಡರೆ ಒಳ್ಳೆಯದು.

ಇನ್ನೊಂದು ವಿಚಿತ್ರವಿದೆ. ವರ್ಷಕ್ಕೆ ಎಷ್ಟು ಕ್ಲೇಮುಗಳು ಬರುತ್ತವೆಂಬ ಸಂಖ್ಯೆಯು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಮೂಲಧನವನ್ನೂ ಹೆಚ್ಚುವರಿಯನ್ನೂ ಬದಲಿಸದೆ ವ್ಯವಹಾರವನ್ನು ನೂರ್ಮಡಿಗೊಳಿಸಿದ ಸಂಸ್ಥೆಯು ತನ್ನ ಹಣೆಬರಹವನ್ನು ಬದಲಿಸಿಕೊಂಡಿರುವುದಿಲ್ಲ. ಅದೇ ದಾರಿಯನ್ನು ನೂರು ಪಾಲು ವೇಗದಲ್ಲಿ ನಡೆಯುತ್ತಿರುತ್ತದೆ, ಅಷ್ಟೆ. ಇಟಲಿಯ ಬ್ರೂನೋ ಡಿ ಫಿನೆಟ್ಟಿ ಅವರು 1957ರ ನ್ಯೂಯಾರ್ಕ್ ಸಮ್ಮೇಳನದಲ್ಲಿ ಈ ಸಿದ್ಧಾಂತಕ್ಕೆ ಹಾಕಿದ ಸವಾಲೂ ಸ್ವಾರಸ್ಯವಾದುದು: ಲಾಭವನ್ನು ಯಾರಿಗೂ ಹಂಚದೆ ನಿಧಿಯನ್ನು ಅನಂತವಾಗಿ ಬೆಳೆಸುವ ಸಂಸ್ಥೆ ಲೋಕದಲ್ಲಿ ಎಲ್ಲಿದೆ? ಒಂದು ಮಟ್ಟವನ್ನು ಗೊತ್ತುಮಾಡಿ, ಅದನ್ನು ಮೀರಿದುದೆಲ್ಲವನ್ನೂ ಪಾಲುದಾರರಿಗೆ ಹಂಚುವ ಸಂಸ್ಥೆಯು ಎಂದಾದರೂ ದಿವಾಳಿಯಾಗಿಯೇ ತೀರುತ್ತದೆ. ಅದನ್ನು ಎಷ್ಟು ಕಾಲ ಮುಂದೂಡಬಹುದೆಂಬುದಷ್ಟೇ ಉಳಿಯುವ ಪ್ರಶ್ನೆ. ಐರೋಪ್ಯ ಒಕ್ಕೂಟದಲ್ಲಿ 2016ರಿಂದ ಜಾರಿಯಲ್ಲಿರುವ ವಿಮಾ ನಿಯಮಗಳು ಅನಂತಕಾಲದ ಮಾತನ್ನು ಬಿಟ್ಟು, ಒಂದು ವರ್ಷದೊಳಗೆ ಮುಳುಗುವ ಸಂಭವವು ಇನ್ನೂರರಲ್ಲಿ ಒಂದನ್ನು ಮೀರದಷ್ಟು ಮೂಲಧನವಿರಬೇಕೆಂದು ವಿಧಿಸಿರುವುದು ಈ ವ್ಯಾವಹಾರಿಕ ವಿವೇಕದಿಂದಲೇ ಇರಬೇಕು.

ಮೂಲಧನವನ್ನು ಕೂಡಿದಂತೆ ದಿವಾಳಿಯ ಸಂಭವವು ಭಾಗಿಸಲ್ಪಡುವ ಘಾತೀಯ ನಿಯಮವು ವಿಮೆಯ ಹೊರಗೂ ಕಾಣಿಸಿಕೊಳ್ಳುತ್ತದೆ. 1953ರ ಫೆಬ್ರವರಿ 1ರಂದು ಉತ್ತರ ಸಮುದ್ರವು ಉಕ್ಕಿ ನೆದರ್ಲೆಂಡ್ಸ್ ದೇಶದ ಕಟ್ಟೆಗಳನ್ನು ಒಡೆದು 1,836 ಜನರನ್ನು ಬಲಿ ತೆಗೆದುಕೊಂಡಿತು. ಕಟ್ಟೆಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬ ಪ್ರಶ್ನೆಯನ್ನು ಎತ್ತಿಕೊಂಡ ಗಣಿತಜ್ಞ ಡೇವಿಡ್ ವಾನ್ ಡಾಂಟ್‌ಜಿಗ್ ಅವರು, ಸಮುದ್ರದ ಮಟ್ಟದ ದಾಖಲೆಗಳಿಂದ, ಎತ್ತರವನ್ನು ಒಂದೇ ಸಮನಾದ ಮೆಟ್ಟಿಲುಗಳಲ್ಲಿ ಏರಿಸಿದಂತೆ ನೀರು ಅದನ್ನು ದಾಟುವ ಸಂಭವವು ಪ್ರತಿ ಮೆಟ್ಟಿಲಿಗೂ ಒಂದೇ ಪ್ರಮಾಣದಲ್ಲಿ ಕುಗ್ಗುವುದೆಂಬ ನಿಯಮವನ್ನು ಹಿಡಿದರು. ಕಟ್ಟುವ ವೆಚ್ಚವು ಎತ್ತರದೊಡನೆ ಏರುತ್ತದೆ, ನಿರೀಕ್ಷಿತ ನಷ್ಟವು ಎತ್ತರದೊಡನೆ ಇಳಿಯುತ್ತದೆ. ಎರಡರ ಮೊತ್ತವು ಕನಿಷ್ಠವಾಗುವಲ್ಲಿ ನಿಲ್ಲಿಸತಕ್ಕದ್ದು. ಕೊನೆಗೆ ಆ ದೇಶವು ತನ್ನ ಜನನಿಬಿಡವಾದ ಮಧ್ಯ ಹಾಲೆಂಡಿಗೆ ಗೊತ್ತುಮಾಡಿದ ಪ್ರಮಾಣವು ವರ್ಷಕ್ಕೆ ಹತ್ತು ಸಾವಿರದಲ್ಲಿ ಒಂದು, ಅಂದರೆ ನೂರು ವರ್ಷ ಬಾಳಿದವನ ಜೀವಿತಕಾಲದಲ್ಲಿ ನೂರಕ್ಕೆ ಒಂದು. ಶೂನ್ಯವೆಂದು ಹೇಳಿ ಪ್ರಜೆಗಳನ್ನು ಸಮಾಧಾನಪಡಿಸುವ ಬದಲು, ಉಳಿದ ಅಪಾಯವಿಷ್ಟೆಂದು ಸಂಖ್ಯೆಯಲ್ಲಿ ಹೇಳಿ ಅದನ್ನು ಒಪ್ಪಿಕೊಂಡ ಸರ್ಕಾರದ ಪ್ರಾಮಾಣಿಕತೆಯನ್ನು ನಾನು ಆ ಕಟ್ಟೆಗಳಷ್ಟೇ ಮೆಚ್ಚುತ್ತೇನೆ.

ಲುಂಡ್‌ಬರ್ಗ್ ಅವರ ಸುಂದರವಾದ ಅಸಮತೆಯು ಎರಡು ಕಂಬಗಳ ಮೇಲೆ ನಿಂತಿದೆ, ಮತ್ತು ಎರಡೂ ಅಲುಗಾಡುವಂತಹವು. ಮೊದಲನೆಯದು, ದೊಡ್ಡ ಕ್ಲೇಮುಗಳು ಸಾಕಷ್ಟು ಬೇಗ ವಿರಳವಾಗುತ್ತವೆಂಬುದು. ಬೆಂಕಿ, ಭೂಕಂಪ, ಚಂಡಮಾರುತಗಳಲ್ಲಿ ಹೀಗಾಗುವುದಿಲ್ಲ. ಅಲ್ಲಿನ ನಷ್ಟಗಳು ಪರೇಟೊ ಎಂಬ ಅರ್ಥಶಾಸ್ತ್ರಜ್ಞರ ಹೆಸರಿನ ಹಂಚಿಕೆಯನ್ನು ಹೋಲುತ್ತವೆ, ಒಂದೇ ಕ್ಲೇಮು ಹಿಂದಿನ ಸಾವಿರ ಕ್ಲೇಮುಗಳ ಮೊತ್ತವನ್ನು ನುಂಗಿಹಾಕಬಲ್ಲುದು. ನಮ್ಮ ಮೊದಲಿನ ಲೆಕ್ಕದಲ್ಲಿ ಮೂಲಧನವನ್ನು ಇಪ್ಪತ್ತರಿಂದ ನಲವತ್ತು ಲಕ್ಷಕ್ಕೆ ಇಮ್ಮಡಿಸಿದಾಗ ದಿವಾಳಿಯ ಸಂಭವ ಇಪ್ಪತ್ತೆಂಟನೆಯ ಒಂದಂಶಕ್ಕೆ ಇಳಿದಿತ್ತು. ಪರೇಟೊ ಬಗೆಯ ಕೆಲವು ಹಂಚಿಕೆಗಳಲ್ಲಿ ಅದೇ ಇಮ್ಮಡಿಯಿಂದ ಸಂಭವವು ಅರ್ಧಕ್ಕೆ ಇಳಿಯುತ್ತದೆ, ಹೆಚ್ಚಿಲ್ಲ. ಈ ಗಣಿತವು ಹುಟ್ಟುವ ಮೊದಲೇ ವ್ಯಾಪಾರಿಗಳು ಇದನ್ನು ಬೆಂಕಿಯಿಂದ ಕಲಿತಿದ್ದರು. 1842ರಲ್ಲಿ ಹ್ಯಾಂಬರ್ಗ್ ನಗರ ಉರಿದುಹೋದ ಮೇಲೆ 1846ರಲ್ಲಿ ಕಲೋನಿನಲ್ಲಿಯೂ, 1861ರಲ್ಲಿ ಸ್ವಿಟ್ಸರ್ಲೆಂಡಿನ ಗ್ಲಾರಸ್ ಪಟ್ಟಣ ಸುಟ್ಟ ಮೇಲೆ 1863ರಲ್ಲಿ ಜ್ಯೂರಿಚ್‌ನಲ್ಲಿಯೂ, ವಿಮಾ ಸಂಸ್ಥೆಗಳಿಗೇ ವಿಮೆ ಕೊಡುವ ಮರುವಿಮಾ ಸಂಸ್ಥೆಗಳು ಸ್ಥಾಪಿತವಾದುವು. ವರ್ತಕನು ವಿಮೆದಾರನಿಗೆ ಒಪ್ಪಿಸಿದ ಭಾರವನ್ನು ವಿಮೆದಾರನು ತನಗಿಂತ ದೊಡ್ಡ ಥೈಲಿಯವನಿಗೆ ಒಪ್ಪಿಸುವ ಈ ಸರಪಳಿಯಲ್ಲಿ ಬರ್ನೂಲಿಯ ಪ್ರಶ್ನೆಯೇ ಪ್ರತಿ ಕೊಂಡಿಯಲ್ಲಿಯೂ ಮತ್ತೆ ಕೇಳಲ್ಪಡುತ್ತದೆ.

ಎರಡನೆಯ ಕಂಬವು ಸೆಂಪ್ರೋನಿಯಸನ ಹಡಗುಗಳದು: ಒಬ್ಬನ ನಷ್ಟಕ್ಕೂ ಇನ್ನೊಬ್ಬನ ನಷ್ಟಕ್ಕೂ ಸಂಬಂಧವಿಲ್ಲವೆಂಬುದು. ಈ ಕಂಬ ಮುರಿದರೆ ಏನಾಗುವುದೆಂಬುದನ್ನು ಕನ್ನಡನಾಡಿನವರಿಗೆ ಗಣಿತದಿಂದ ವಿವರಿಸಬೇಕಾಗಿಲ್ಲ. 1876ರಿಂದ 1878ರವರೆಗಿನ, ಧಾತು ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಮಳೆ ಒಬ್ಬ ರೈತನಿಗೆ ಕೈಕೊಟ್ಟು ಇನ್ನೊಬ್ಬನಿಗೆ ಒಲಿಯಲಿಲ್ಲ. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬರವೆಂಬುದು ಎಲ್ಲ ಹಡಗುಗಳನ್ನೂ ಒಟ್ಟಿಗೆ ಹಿಡಿಯುವ ಬಿರುಗಾಳಿ. ಗಣಿತವು ಇದನ್ನು ಇನ್ನೂ ಕಟುವಾಗಿ ಹೇಳುತ್ತದೆ. ಯಾವ ಇಬ್ಬರು ರೈತರನ್ನು ತೆಗೆದುಕೊಂಡರೂ ಅವರ ನಷ್ಟಗಳ ಸಹಸಂಬಂಧವು ಹತ್ತನೆಯ ಒಂದರಷ್ಟು ಮಾತ್ರ ಇದೆಯೆಂದುಕೊಂಡರೂ, ಹತ್ತು ಲಕ್ಷ ರೈತರ ವಿಮಾನಿಧಿಯ ಏರುಪೇರು, ಪರಸ್ಪರ ಸಂಬಂಧವೇ ಇಲ್ಲದ ಕೇವಲ ಹತ್ತು ಮಂದಿಯ ನಿಧಿಯ ಏರುಪೇರಿಗೆ ಸಮನಾಗುತ್ತದೆ. ಹನ್ನೊಂದನೆಯ ಲಕ್ಷವನ್ನು ಸೇರಿಸಿಕೊಂಡರೂ ಫಲವಿಲ್ಲ. ಇಂತಹ ಗಂಡಾಂತರವನ್ನು ಹರಡಬೇಕಾದರೆ ಒಂದು ವರ್ಷದ ಬರವನ್ನು ಅನೇಕ ವರ್ಷಗಳ ಮೇಲೆ, ಒಂದು ಸೀಮೆಯ ಬರವನ್ನು ದೂರದ ಸೀಮೆಗಳ ಮೇಲೆ ಹರಡಬೇಕು. ಎಂದರೆ ಅಷ್ಟು ಆಳವಾದ ಬೊಕ್ಕಸವಿರಬೇಕು.

ಇದನ್ನು ನಮ್ಮವರೇ ಬಹಳ ಹಿಂದೆ ಯೋಚಿಸಿದ್ದರೆಂಬುದು ಹೆಮ್ಮೆಯ ಸಂಗತಿ. ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿ ಅವರು 1915ರ ವೇಳೆಗೆ ರೈತರಿಗಾಗಿ ಮಳೆಯ ವಿಮೆಯೊಂದನ್ನು ಸೂಚಿಸಿ, 1920ರಲ್ಲಿ ಅದನ್ನು ಗ್ರಂಥರೂಪದಲ್ಲಿ ವಿಸ್ತರಿಸಿದರು. ಪ್ರತಿಯೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟವನ್ನು ಅಂದಾಜು ಮಾಡುವುದು ದುಬಾರಿಯ ಕೆಲಸ, ಮತ್ತು ಪರಿಹಾರ ಸಿಗುವುದೆಂದು ತಿಳಿದ ಮೇಲೆ ಕಳೆ ಕೀಳುವ ಉತ್ಸಾಹ ಕೆಲವರಲ್ಲಿ ಕುಗ್ಗುವುದೂ ಉಂಟು. ಅದರ ಬದಲು ಒಂದು ಪ್ರದೇಶದಲ್ಲಿ ಬಿದ್ದ ಮಳೆಯನ್ನೇ ಅಳೆದು, ಅದು ಗೊತ್ತಾದ ಪ್ರಮಾಣಕ್ಕಿಂತ ಕಡಮೆಯಾದರೆ ಆ ಪ್ರದೇಶದ ವಿಮೆದಾರ ರೈತರೆಲ್ಲರಿಗೂ ಪರಿಹಾರ ಕೊಡಬೇಕೆಂಬುದು ಯೋಜನೆಯ ಮರ್ಮ. ಮಳೆಮಾಪಕಕ್ಕೆ ಸೋಮಾರಿತನವಿಲ್ಲ, ಸುಳ್ಳು ಹೇಳುವ ಆಸೆಯೂ ಇಲ್ಲ. ಈ ಪ್ರದೇಶಾಧಾರಿತ ತತ್ವವನ್ನು ವಿ. ಎಂ. ದಾಂಡೇಕರ್ ಅವರು 1970ರ ದಶಕದಲ್ಲಿ ಮತ್ತೆ ಪ್ರತಿಪಾದಿಸಿದರು. 1985ರಿಂದ ದೇಶದಲ್ಲಿ ನಡೆದುಬಂದ ಬೆಳೆ ವಿಮೆಯ ಯೋಜನೆಗಳು ಬಹುಮಟ್ಟಿಗೆ ಅದನ್ನೇ ಅನುಸರಿಸಿ, ಬೆಳೆ ಕಟಾವು ಪ್ರಯೋಗಗಳಿಂದ ಪ್ರದೇಶದ ಸರಾಸರಿ ಇಳುವರಿಯನ್ನು ನಿರ್ಣಯಿಸುತ್ತಿವೆ. 2016ರ ಯೋಜನೆಯಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನ ಪಾಲಿನ ಕಂತು ಮುಂಗಾರಿನಲ್ಲಿ ವಿಮಾಮೊತ್ತದ ನೂರಕ್ಕೆ 2, ಹಿಂಗಾರಿನಲ್ಲಿ ಒಂದೂವರೆ; ವಾಣಿಜ್ಯ ಮತ್ತು ತೋಟದ ಬೆಳೆಗಳಿಗೆ 5. ಉಳಿದುದನ್ನು ಸರ್ಕಾರಗಳು ತುಂಬುತ್ತವೆ. ಆಳವಾದ ಬೊಕ್ಕಸ ಬೇಕೆಂದುದು ಇದಕ್ಕೇ.

ಇಂತಹ ವಿಮೆಯು ರೈತನ ನಿರ್ಧಾರಗಳನ್ನೇ ಬದಲಿಸಬಲ್ಲುದು. ದಿವಾಳಿಯ ಅಂಚಿನಲ್ಲಿರುವವನು ಹೆಚ್ಚು ಫಲ ಕೊಡುವ, ಆದರೆ ಮಳೆಗೆ ಹೆಚ್ಚು ಅಧೀನವಾದ ಬೆಳೆಯನ್ನು ಬಿತ್ತಲು ಹಿಂಜರಿಯುವುದು ಅಜ್ಞಾನವಲ್ಲ, ಲಾಗರಿದಮ್ಮಿನ ಆಜ್ಞೆ. ಶಾನ್ ಕೋಲ್, ಜೇವಿಯರ್ ಜಿನೆ, ಜೇಮ್ಸ್ ವಿಕರಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ನೆರೆಯ ಆಂಧ್ರದಲ್ಲಿ ನಡೆಸಿದ ಪ್ರಯೋಗದಲ್ಲಿ, ಮಳೆಯ ವಿಮೆ ದೊರೆತ ರೈತರು ಹರಳು, ನೆಲಗಡಲೆಯಂತಹ ಹಣದ ಬೆಳೆಗಳ ಕಡೆಗೆ ಹೆಚ್ಚಾಗಿ ವಾಲಿದುದು ಕಂಡುಬಂದಿತು. ಪರಿಹಾರವು ಕೈಸೇರುವ ಮೊದಲೇ, ಬಿತ್ತನೆಯ ಕಾಲದಲ್ಲಿಯೇ, ವಿಮೆಯು ತನ್ನ ಕೆಲಸವನ್ನು ಮಾಡಿತ್ತು.

ಆದರೆ ಮಳೆಮಾಪಕವು ಹೊಲವಲ್ಲ. ಮಾಪಕವಿರುವಲ್ಲಿ ಮಳೆ ಸುರಿದು ಎರಡು ಮೈಲಿ ಆಚೆಯ ಹೊಲ ಒಣಗಿದರೆ, ಆ ರೈತನು ಬೆಳೆಯನ್ನೂ ಕಳೆದುಕೊಂಡು ಕಂತನ್ನೂ ಕಳೆದುಕೊಳ್ಳುತ್ತಾನೆ. ವಿಮೆಯೇ ಇಲ್ಲದಿದ್ದರೆ ಎಷ್ಟು ಕೆಳಗಿರುತ್ತಿದ್ದನೋ ಅದಕ್ಕಿಂತಲೂ ಕೆಳಕ್ಕೆ ಬೀಳುತ್ತಾನೆ. ಡೇನಿಯಲ್ ಕ್ಲಾರ್ಕ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ತಾತ್ಪರ್ಯವೂ ಇದೇ: ಅಪಾಯಕ್ಕೆ ಅತ್ಯಂತ ಅಂಜುವವನು, ಅಳತೆಯು ತನ್ನ ನಷ್ಟಕ್ಕೆ ಸರಿಯಾಗಿ ಹೊಂದದ ಇಂತಹ ವಿಮೆಯನ್ನು ಕೊಳ್ಳದಿರುವುದೇ ಯುಕ್ತ. ಹಾಗೆ ನೋಡಿದರೆ ರೈತರು ವಿಮೆಗೆ ಮುಂದೆ ಬರುವುದಿಲ್ಲವೆಂದು ಆಗಾಗ ಕೇಳಿಬರುವ ದೂರಿಗೆ ಉತ್ತರವನ್ನು ರೈತನ ತಿಳಿವಳಿಕೆಯಲ್ಲಿ ಹುಡುಕುವುದಕ್ಕಿಂತ ಮಾಪಕಕ್ಕೂ ಹೊಲಕ್ಕೂ ನಡುವಣ ದೂರದಲ್ಲಿ ಹುಡುಕುವುದು ಲೇಸು. ಕರ್ನಾಟಕದಲ್ಲಿ ಈಗ ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ದೂರಸಂವೇದಿ ಮಳೆಮಾಪಕಗಳಿವೆ. ಮಲೆನಾಡಿನ ಅಡಕೆ ಮತ್ತು ಮೆಣಸಿನ ತೋಟಗಳ ಹವಾಮಾನಾಧಾರಿತ ವಿಮೆಯು ಇಂತಹ ಮಾಪಕಗಳ ಲೆಕ್ಕವನ್ನೇ ಅವಲಂಬಿಸಿದೆ. ಬಯಲುಸೀಮೆಯಲ್ಲಿ ಅಷ್ಟು ದಟ್ಟಣೆ ಸಾಕಾಗಬಹುದು. ಗುಡ್ಡದ ಒಂದು ಮಗ್ಗುಲಿಗೆ ಸುರಿದ ಮಳೆ ಇನ್ನೊಂದು ಮಗ್ಗುಲನ್ನು ಮುಟ್ಟದ ಸೀಮೆಗಳಲ್ಲಿ, ಪಂಚಾಯಿತಿಗೆ ಒಂದರ ಬದಲು ಎಷ್ಟು ಮಾಪಕಗಳಿದ್ದರೆ ಬಡ ರೈತನೂ ಕಂತು ಕಟ್ಟುವುದು ವಿವೇಕವೆನಿಸೀತೆಂಬುದನ್ನು, ಮಾಪಕದ ಬೆಲೆಯನ್ನೂ ತಪ್ಪಿದ ಪರಿಹಾರದ ನಷ್ಟವನ್ನೂ ಎದುರುಬದುರಾಗಿಟ್ಟು, ಹಾಲೆಂಡಿನವರು ಕಟ್ಟೆಯ ಎತ್ತರವನ್ನು ಲೆಕ್ಕ ಹಾಕಿದ ಕ್ರಮದಲ್ಲಿಯೇ ಲೆಕ್ಕ ಹಾಕಬೇಕಾಗಿದೆ.